ಬಳೆ ತಾಗುವ ಕಂಬಿ

ಹೋದ ವಾರ ಮದರ್ ಫೋನ್ ಮಾಡಿ, "ಅಂತೋಣಿ, ಹಬ್ಬ ಹತ್ರ ಬಂತು. ಕಂಬಿ ಬಣ್ಣ ಎದ್ದಿದೆ. ಒಂದಿನ ಬಂದು ಹೊಡೆದುಕೊಟ್ಟು ಹೋಗಪ್ಪ" ಎಂದರು. ಮದರ್ ಎಂದರೆ ಶಿವಮೊಗ್ಗದ ಹೊರಗೆ, ಗೋಪಾಳ ದಾಟಿದ ಮೇಲೆ ಸಿಗುವ ಒಂದು ಕನ್ಯಾಮಠದ ಹಿರಿಯರು. ಅಲ್ಲಿನ ಸಿಸ್ಟರುಗಳು ಶಾಲೆ ನಡೆಸುವವರಲ್ಲ, ಆಸ್ಪತ್ರೆ ನಡೆಸುವವರೂ ಅಲ್ಲ. ಒಮ್ಮೆ ಒಳಗೆ ಹೋದರೆ ಪ್ರಾರ್ಥನೆ ಮಾಡಿಕೊಂಡು, ಚರ್ಚುಗಳಿಗೆ ಬೇಕಾದ ಪ್ರಸಾದದ ರೊಟ್ಟಿ ಸುಟ್ಟುಕೊಂಡು ಒಳಗೇ ಇರುವವರು. ಹೊರಗೆ ಬರುವುದು ಆಸ್ಪತ್ರೆಗೆ ಮತ್ತು ವೋಟು ಹಾಕುವುದಕ್ಕೆ ಮಾತ್ರ. ಅವರನ್ನು ನೋಡಲು ಹೋದವರು ಒಂದು ಕೋಣೆಯಲ್ಲಿ ಕೂರಬೇಕು. ಕೋಣೆಯ ನಡುವೆ ಕಬ್ಬಿಣದ ಕಂಬಿ. ಈಚೆ ನಾವು, ಆಚೆ ಅವರು. ಆ ಕಂಬಿ ಮಾಡಿದವನು ನಾನು. ಆಚೆ ಇರುವವರಲ್ಲಿ ಒಬ್ಬಳು ನನ್ನ ತಂಗಿ ನಿರ್ಮಲಾ.

ಸ್ಯಾಂಡ್ ಪೇಪರ್, ಬ್ರಷ್ಷು, ಬಣ್ಣದ ಡಬ್ಬಿ ಹಿಡಿದುಕೊಂಡು ಹೋದೆ. ಕಬ್ಬಿಣಕ್ಕೆ ತುಕ್ಕು ಬರದಿರಲಿ ಎಂದು ಮೊದಲು ಬಳಿಯುವುದು ರೆಡ್ ಆಕ್ಸೈಡ್. ಅದರ ಮುಚ್ಚಳ ಎಬ್ಬಿಸಿದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕಸುಬಿನಲ್ಲಿ ಇದು ದಿನಾ ಇರುವ ವಾಸನೆ, ಗಮನಕ್ಕೇ ಬರುವುದಿಲ್ಲ. ಆ ಕೋಣೆಯಲ್ಲಿ ಮಾತ್ರ, ಹೊರಗೆ ಜಿಟಿಜಿಟಿ ಮಳೆ ಹಿಡಿದಿರುವಾಗ, ಅದು ನನ್ನನ್ನು ಎಳೆದುಕೊಂಡು ಹೋಗಿ ಆ ಒಂದು ಮಳೆಗಾಲದಲ್ಲಿ ನಿಲ್ಲಿಸಿತು. ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ, ಸತ್ತು ನೂರು ವರ್ಷ ದಾಟಿದ ಒಬ್ಬ ಹುಡುಗಿಯ ಜೊತೆ ನಾನು ಜಗಳಕ್ಕೆ ಬಿದ್ದಿದ್ದ ಮಳೆಗಾಲ ಅದು.

ನಾವು ಭದ್ರಾವತಿಯವರು. ತಾತ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಅಪ್ಪ ಅದೇ ಕಾರ್ಖಾನೆಯಲ್ಲಿ ಕಾದ ಕಬ್ಬಿಣದ ಸದ್ದಿನ ನಡುವೆ ದುಡಿದು, ಅರ್ಧ ಕಿವಿ ಅಲ್ಲೇ ಬಿಟ್ಟು ನಿವೃತ್ತರಾದವರು. ಮನೆಯಲ್ಲಿ ತಮಿಳು ಕನ್ನಡ ಕಲಸಿದ ಮಾತು. ಜಗಳ ಮಾತ್ರ ಅಚ್ಚ ಕನ್ನಡದಲ್ಲಿ. ನಡುಮನೆಯ ಗೋಡೆಯಲ್ಲಿ ಯೇಸುವಿನ ಪಟದ ಪಕ್ಕ ಒಬ್ಬ ಸಿಸ್ಟರ್ ಪಟ. ಕಂದು ನಿಲುವಂಗಿ, ಕಪ್ಪು ಮುಸುಕು, ತೋಳಿನ ತುಂಬ ಗುಲಾಬಿ, ಗುಲಾಬಿಯ ನಡುವೆ ಒಂದು ಶಿಲುಬೆ. ಅವಳಿಗೊಂದು ಉದ್ದನೆಯ ಫ್ರೆಂಚ್ ಹೆಸರಿದೆ. ಅದು ನಮ್ಮ ಓಣಿಯಲ್ಲಿ ಯಾರ ನಾಲಿಗೆಗೂ ಹೊರಳದೆ ಗುಲಾಬಿಯಮ್ಮ ಎಂದಾಗಿತ್ತು. ಪಕ್ಕದ ಮನೆಯ ತೆಲುಗಿನ ಲಕ್ಷ್ಮಕ್ಕ ಕೂಡ ಮಗಳ ಪರೀಕ್ಷೆ ಹತ್ತಿರ ಬಂತೆಂದರೆ ಒಂದು ಗುಲಾಬಿ ತಂದು ಪಟಕ್ಕೆ ಸಿಕ್ಕಿಸಿ, ಕೈಮುಗಿದು ಹೋಗುತ್ತಿದ್ದರು. ಅಕ್ಟೋಬರ್ ಒಂದು ಅವಳ ಹಬ್ಬ. ಅಂದು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಬಂದವರಿಗೆಲ್ಲ ಒಂದೊಂದು ಗುಲಾಬಿ ಕೊಡುತ್ತಾರೆ. ಅವಳ ಪಟ ನೋಡಿಕೊಂಡೇ ನಾನು ಬೆಳೆದೆ. ಅವಳು ಯಾರು, ಏನು ಮಾಡಿದಳು ಎಂದು ಒಂದು ದಿನವೂ ಕೇಳಿದವನಲ್ಲ.

ಕೇಳುವ ಹಾಗೆ ಮಾಡಿದವಳು ನಿರ್ಮಲಾ. ಅವಳಿಗೆ ವಿನೋಬನಗರದ ಒಂದು ಕ್ಲಿನಿಕ್ಕಿನಲ್ಲಿ ಕೌಂಟರ್ ಕೆಲಸ, ನನಗೆ ಅಲ್ಲೇ ಹತ್ತಿರದ ಮಂಜಣ್ಣನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್. ಮನೆಗಳಿಗೆ ಗೇಟು, ಕಿಟಕಿಗೆ ಗ್ರಿಲ್ಲು, ಮಹಡಿಗೆ ಮೆಟ್ಟಿಲು. ಬೆಳಿಗ್ಗೆ ಇಬ್ಬರೂ ನನ್ನ ಬೈಕಿನಲ್ಲೇ ಶಿವಮೊಗ್ಗಕ್ಕೆ ಹೋಗುತ್ತಿದ್ದೆವು. ಜೂನ್ ತಿಂಗಳ ಒಂದು ಬೆಳಿಗ್ಗೆ ಮಾಚೇನಹಳ್ಳಿ ದಾಟುವಾಗ ಅವಳು ಹಿಂದಿನಿಂದ ನನ್ನ ಹೆಲ್ಮೆಟ್ಟಿನ ಹತ್ತಿರ ಬಾಯಿ ತಂದು, "ಅಣ್ಣ, ನಾನು ಗೋಪಾಳದ ಮಠಕ್ಕೆ ಸೇರ್ತೀನಿ" ಎಂದಳು. ನಾನು ಬೈಕ್ ನಿಲ್ಲಿಸಿದೆ. ಮಳೆ ಸುರಿಯುತ್ತಿತ್ತು. ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತುಕೊಂಡೆವು.

"ಯಾರಾದ್ರೂ ಬೈಕಲ್ಲಿ ಇಂಥ ಮಾತು ಹೇಳ್ತಾರೇನೇ?"

"ಮನೇಲಿ ಹೇಳಿದ್ರೆ ನಿನ್ನ ಮುಖ ನೋಡ್ಬೇಕಾಗಿತ್ತು. ಹಿಂದೆ ಕೂತ್ಕೊಂಡ್ರೆ ಕಾಣಲ್ಲ."

"ಸಿಸ್ಟರ್ ಆಗ್ಬೇಕು ಅಂದ್ರೆ ಆಗು ಮಾರಾಯ್ತಿ. ಸ್ಕೂಲ್ ಸಿಸ್ಟರ್ ಆಗು, ನರ್ಸ್ ಸಿಸ್ಟರ್ ಆಗು. ಭಾನುವಾರ ಮನೆಗೆ ಬಂದು ಊಟ ಮಾಡ್ಕೊಂಡು ಹೋಗು. ಅದು ಬಿಟ್ಟು ಜೈಲಿಗೆ ಯಾಕೆ?"

ಅವಳು ಬ್ಯಾಗಿನಿಂದ ಕರವಸ್ತ್ರ ತೆಗೆದು ನನ್ನ ಹೆಲ್ಮೆಟ್ಟಿನ ಗಾಜು ಒರೆಸಿದಳು. ನಾವಿಬ್ಬರೂ ಆ ದಿನ ಕೆಲಸಕ್ಕೆ ತಡವಾಗಿ ಹೋದೆವು.

ಅಮ್ಮ ಅಳುತ್ತಾಳೆ, ಅಪ್ಪ ಕೂಗಾಡುತ್ತಾರೆ, ನನ್ನ ಕೆಲಸ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಅಮ್ಮ ಅಳಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ಹಾಗೇ ಆರಿಸುತ್ತ ಕೂತಳು, ಆರಿಸಿದ್ದನ್ನೇ ಮತ್ತೆ ಆರಿಸಿದಳು. ಅಪ್ಪನಿಗೆ ಎರಡು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಕೇಳಿಸಿದ ಮೇಲೆ ಗೋಡೆಯ ಪಟದ ಕಡೆ ಒಮ್ಮೆ ನೋಡಿ, "ಇವಳ ಕೆಲಸಾನಾ ಇದು?" ಎಂದರು. ಅಷ್ಟೇ. ಎದ್ದು ಚಪ್ಪಲಿ ಮೆಟ್ಟಿಕೊಂಡು ಭದ್ರಾ ಸೇತುವೆ ಕಡೆಗೆ ಹೊರಟುಬಿಟ್ಟರು. ಹೊಳೆ ಆಗ ಕೆಂಪಗೆ ತುಂಬಿಕೊಂಡಿತ್ತು. ಅವರು ವಾಪಸ್ಸು ಬರುವವರೆಗೆ ನಾನು ಬಾಗಿಲಿಗೂ ರಸ್ತೆಗೂ ಓಡಾಡಿ ಸಾಕಾದೆ.

ಮನೆಯಲ್ಲಿ ತಡೆಯುವವನು ನಾನೊಬ್ಬನೇ ಎಂದಾದ ಮೇಲೆ ಶತ್ರುವಿನ ಬಲಾಬಲ ತಿಳಿಯಬೇಕಲ್ಲ? ನಿರ್ಮಲಾಳ ದಿಂಬಿನ ಹತ್ತಿರ, ಅಂಥದ್ದೇ ಮಠದಲ್ಲಿ ಬದುಕಿ ಸತ್ತ ಗುಲಾಬಿಯಮ್ಮನ ಜೀವನಚರಿತ್ರೆ ಇರುತ್ತಿತ್ತು. ಅದನ್ನು ಎತ್ತಿಕೊಂಡು ಹೋಗಿ ವರ್ಕ್‌ಶಾಪಿನಲ್ಲಿ, ಟೀ ಕುಡಿಯುವಾಗ, ಊಟ ಮಾಡುವಾಗ ಓದಿದೆ. ಭಕ್ತಿಯಿಂದಲ್ಲ. ಎದುರು ಪಾರ್ಟಿಯ ವಕೀಲ ಸಾಕ್ಷಿಯ ಹೇಳಿಕೆ ಓದುವ ಹಾಗೆ, ಎಲ್ಲಿ ಸಿಕ್ಕಿಹಾಕಿಸಬಹುದು ಎಂದು ಹುಡುಕುತ್ತ ಓದಿದೆ.

ಮೊದಮೊದಲು ಭರ್ಜರಿ ಬೇಟೆ. ಕೊನೆಯ ಮಗಳು, ಮುದ್ದಿನ ಮಗಳು. ನಾಲ್ಕು ವರ್ಷಕ್ಕೆ ತಾಯಿ ಹೋದಳು. ಆಮೇಲೆ ಮಾತು ಮಾತಿಗೆ ಅಳುವ ಹುಡುಗಿ. ಅತ್ತಿದ್ದಕ್ಕಾಗಿ ಮತ್ತೆ ಅಳುವವಳು. ಇಬ್ಬರು ಅಕ್ಕಂದಿರು ಮೊದಲೇ ಮಠ ಸೇರಿದ್ದರು, ಇವಳಿಗೂ ಅದೇ ಹಠ. ವಯಸ್ಸು ಸಾಲದು ಎಂದು ಎಲ್ಲರೂ ಹೇಳಿದರೆ ರೋಮಿಗೇ ಹೋಗಿ, ಮಾತಾಡಬಾರದು ಎಂದು ಕಟ್ಟಪ್ಪಣೆ ಇದ್ದರೂ ಪೋಪರ ಮೊಣಕಾಲು ಹಿಡಿದು ಕೂತುಬಿಟ್ಟಳು. ಕಾವಲಿನವರು ಎತ್ತಿಕೊಂಡು ಹೋಗಿ ಹೊರಗೆ ಬಿಡಬೇಕಾಯಿತು. ಹದಿನೈದಕ್ಕೆ ಒಳಗೆ ಹೋದಳು. ಕ್ಷಯ ಹಿಡಿದು ಇಪ್ಪತ್ತನಾಲ್ಕಕ್ಕೆ ಸತ್ತಳು. ನಡುವೆ ಏನು ಮಾಡಿದಳು? ಗುಡಿಸಿದಳು, ಬಟ್ಟೆ ಒಗೆದಳು, ಪೂಜೆಯ ಸಾಮಾನು ಒರೆಸಿಟ್ಟಳು, ಪ್ರಾರ್ಥನೆಗೆ ಕೂತು ತೂಕಡಿಸಿದಳು. ಅವಳು ಸಾಯುವ ಹೊತ್ತಿಗೆ ಜೊತೆಯ ಸಿಸ್ಟರೊಬ್ಬರಿಗೆ ಇವಳ ಬಗ್ಗೆ ಬರೆಯಲು ಏನಿದೆ ಎಂದು ಚಿಂತೆಯಾಗಿತ್ತಂತೆ. ಅಂಥವಳು ಸತ್ತು ಮೂವತ್ತು ವರ್ಷ ತುಂಬುವ ಮೊದಲೇ ಸಂತಳು. ಮಠದ ಹೊಸಿಲು ದಾಟದವಳನ್ನು ದೇಶ ದೇಶ ಸುತ್ತಿ ಧರ್ಮ ಹೇಳುವವರಿಗೆಲ್ಲ ಕಾಯುವ ಸಂತಳನ್ನಾಗಿ ಮಾಡಿದ್ದಾರೆ. ನನಗೆ ನಗು ಬಂತು. ಇಷ್ಟಕ್ಕೆಲ್ಲ ಸಂತಪದವಿ ಕೊಡುವುದಾದರೆ ನಮ್ಮ ಓಣಿಯಲ್ಲಿ ಮನೆಗೊಬ್ಬರು ಸಿಗುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಬಾಣ ಬಿಟ್ಟೆ.

"ಹದಿನೈದಕ್ಕೆ ಮಠಕ್ಕೆ ಹೋಗೋದಾ? ಈಗಾಗಿದ್ರೆ ಪೊಲೀಸ್ ಕಂಪ್ಲೇಂಟ್ ಆಗ್ತಿತ್ತು."

"ನಂಗೆ ಇಪ್ಪತ್ತನಾಲ್ಕು ಅಣ್ಣ."

"ಆ ವಯಸ್ಸಿಗೆ ಅವಳು ಸತ್ತೇಹೋದ್ಲು."

"ಅದೇ ನೋಡು, ನಂಗೆ ಎಷ್ಟು ಲೇಟಾಯ್ತು!" ಎಂದು ಅವಳು ಅನ್ನಕ್ಕೆ ಸಾರು ಬಿಟ್ಟುಕೊಂಡಳು. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕಿದ್ದು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಜುಲೈನಲ್ಲಿ ಒಂದು ತಮಾಷೆ ನಡೆಯಿತು. ಮಂಜಣ್ಣ ಹೊಸ ಆರ್ಡರ್ ಹಿಡಿದುಕೊಂಡು ಬಂದು, "ಅಂತೋಣಿ, ನಿಮ್ಮ ಜನದ್ದೇ ಕೆಲಸ ಕಣೋ. ಆ ಮಠದಲ್ಲಿ ಮರದ ಜಾಲರಿಗೆ ಗೆದ್ದಲು ಹಿಡಿದಿದೆಯಂತೆ. ಕಬ್ಬಿಣದ್ದು ಬೇಕಂತೆ. ಅಳತೆ ತಗೊಂಡು ಬಾ" ಎಂದ. ಹೋದೆ. ಒಳಗಿನವರನ್ನು ಹೊರಗಿನವರಿಂದ ತಡೆಯುವುದಕ್ಕೆ ಇಟ್ಟ ಜಾಲರಿಯನ್ನು ಗೆದ್ದಲು ತಿಂದು ಪುಡಿ ಮಾಡಿತ್ತು. ಮದರ್ ನನ್ನನ್ನು ಗುರುತಿಸಿದರು. "ನಿರ್ಮಲಾ ಅಣ್ಣ ಅಲ್ವಾ? ಒಳ್ಳೇದಾಯ್ತು. ಮನೆಯವರು ಬಂದು ನೋಡೋಕೆ ಜಾಗ ಇಲ್ದೆ ನಾನು ಯಾವ ಹುಡುಗೀನೂ ಒಳಗೆ ತಗೊಳ್ಳಲ್ಲ. ಹಬ್ಬದೊಳಗೆ ಕಂಬಿ ಆದ್ರೆ ಅವತ್ತೇ ಬರಲಿ. ಇಲ್ಲಾಂದ್ರೆ ಬರೋ ವರ್ಷ ನೋಡಣ" ಎಂದರು. ನನಗೆ ಒಳಗೊಳಗೇ ಕುಣಿಯುವಂತಾಯಿತು. ದೇವರು ಎಂಬುವವನು ಇದ್ದರೆ ಅವನು ನನ್ನ ಕಡೆ ಇದ್ದಾನೆ ಎಂದುಕೊಂಡು ಬೈಕ್ ಒದ್ದು ಸ್ಟಾರ್ಟ್ ಮಾಡಿದೆ.

ಅಲ್ಲಿಂದ ನನ್ನ ಮೈಗಳ್ಳತನ ಶುರುವಾಯಿತು. ಮಳೆಗಾಲದಲ್ಲಿ ವೆಲ್ಡಿಂಗ್ ರಾಡಿಗೆ ತೇವ ಎಳೆಯುತ್ತದೆ, ತೇವ ಎಳೆದ ರಾಡಿನಲ್ಲಿ ಬೆಸುಗೆ ಸರಿಯಾಗಿ ಕೂರುವುದಿಲ್ಲ. ಇದು ನಿಜ. ಅದನ್ನು ಬಿಸಿಲಿಗೋ ಬಲ್ಬಿನ ಶಾಖಕ್ಕೋ ಇಟ್ಟರೆ ಒಣಗುತ್ತದೆ ಎನ್ನುವುದೂ ನಿಜ. ನಾನು ಮೊದಲನೆಯ ನಿಜವನ್ನು ಮಾತ್ರ ಹೇಳುತ್ತಿದ್ದೆ. ರಾಡ್ ಒಣಗಿತು ಎಂದರೆ ಕರೆಂಟ್ ಇಲ್ಲ, ಕರೆಂಟ್ ಬಂತು ಎಂದರೆ ತಂದ ಸರಳು ಸೊಟ್ಟ. ಉಳಿದ ಕೆಲಸವನ್ನೆಲ್ಲ ಎರಡು ಪಟ್ಟು ಬೇಗ ಮುಗಿಸುತ್ತಿದ್ದೆ. ಕೈ ಸುಮ್ಮನೆ ಇರಲು ಬಿಡುತ್ತಿರಲಿಲ್ಲ. ಮಂಜಣ್ಣ ತಲೆ ಚಚ್ಚಿಕೊಂಡ. "ಏನ್ ಮಾರಾಯ, ಇಡೀ ಮನೆ ಗೇಟು ಮೂರು ದಿನಕ್ಕೆ ಎಬ್ಬಿಸ್ತೀಯ, ಒಂದು ಜುಜುಬಿ ಕಂಬಿಗೆ ಮಳೆಗಾಲ ಪೂರ್ತಿ ಬೇಕಾ?"

ಸಂಜೆ ಮನೆಗೆ ಹೋದರೆ ಅಮ್ಮ ಕೇಳುತ್ತಿದ್ದಳು, "ಏನ್ಡಾ, ಕಂಬಿ ಆಯ್ತಾ?"

"ಇಲ್ಲಮ್ಮ."

"ಸರಿ ಬಿಡು" ಎಂದು ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸುತ್ತಿದ್ದಳು. ಅವಳಿಗೆ ಬೇಕಾದ ಉತ್ತರ ಯಾವುದು ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ಪಲ್ಯ ಮಾತ್ರ ಹೆಚ್ಚು ಬೀಳುತ್ತಿತ್ತು.

ಆ ಪುಸ್ತಕವನ್ನು ಮುಚ್ಚಿಡಬಹುದಿತ್ತು. ನನ್ನ ದಾರಿ ನನಗೆ ಸಿಕ್ಕಿತ್ತಲ್ಲ. ಆದರೂ ಕೈ ಬಿಡಲಿಲ್ಲ, ಅದೇ ನನ್ನ ದುರದೃಷ್ಟ. ಪ್ರಾರ್ಥನೆಯ ಹೊತ್ತಿನಲ್ಲಿ ಗುಲಾಬಿಯಮ್ಮನ ಹಿಂದೆ ಒಬ್ಬ ಸಿಸ್ಟರ್ ಕೂರುತ್ತಿದ್ದಳಂತೆ. ಜಪಸರವನ್ನೋ ಮತ್ತೇನನ್ನೋ ಕಟಕಟ ಎನ್ನಿಸುತ್ತಲೇ ಇರುತ್ತಿದ್ದಳು. ಬೇರೆ ಯಾರಿಗೂ ಕೇಳಿಸದ ಸದ್ದು, ಇವಳಿಗೆ ಮಾತ್ರ ನೆತ್ತಿಗೆ ಮೊಳೆ ಹೊಡೆದ ಹಾಗೆ. ಹಿಂದೆ ತಿರುಗಿ ಒಮ್ಮೆ ಕೆಕ್ಕರಿಸಿದ್ದರೆ ನಿಲ್ಲುತ್ತಿತ್ತು. ತಿರುಗಲಿಲ್ಲ. ತಡೆದು ತಡೆದು ಮೈಯೆಲ್ಲ ಬೆವರಿ, ಕೊನೆಗೆ ಆ ಸದ್ದನ್ನೇ ಸಂಗೀತ ಎಂದುಕೊಂಡು ದೇವರಿಗೆ ಒಪ್ಪಿಸಿದಳಂತೆ. ಬಟ್ಟೆ ಒಗೆಯುವಾಗ ಎದುರಿನವಳು ಕೊಳೆ ನೀರು ಮುಖಕ್ಕೆ ಎರಚುತ್ತಿದ್ದರೂ ಸರಿಯಲಿಲ್ಲ. ಸಿಡಿಸಿಡಿ ಎನ್ನುವ ಒಬ್ಬ ಮುದುಕಿಯನ್ನು ದಿನಾ ಕೈಹಿಡಿದು ಊಟದ ಕೋಣೆಗೆ ಕರೆದುಕೊಂಡು ಹೋಗಿ, ಬ್ರೆಡ್ಡು ಕತ್ತರಿಸಿ ಕೊಟ್ಟು, ಒಂದು ನಗು ನಕ್ಕು ಬರುತ್ತಿದ್ದಳು. ದೊಡ್ಡದು ನನ್ನ ಕೈಲಾಗದು, ಸಣ್ಣದನ್ನೇ ಪ್ರೀತಿಯಿಂದ ಮಾಡುತ್ತೇನೆ ಎನ್ನುವುದು ಅವಳ ದಾರಿ.

ಇದನ್ನು ಓದಿದಾಗ ಒಂದು ವಿಷಯ ಹೊಳೆಯಿತು. ಇವಳು ಶಾಂತ ಸ್ವಭಾವದವಳಲ್ಲ. ಪಟದಲ್ಲಿ ಇರುವ ಆ ತಣ್ಣನೆಯ ಮುಖ ಪಟ ಬರೆದವನದು. ಇವಳಿಗೆ ಯೋಧನಾಗಬೇಕಿತ್ತು, ಪಾದ್ರಿಯಾಗಬೇಕಿತ್ತು, ಸಮುದ್ರ ದಾಟಿ ಹೋಗಬೇಕಿತ್ತು, ಎಲ್ಲವೂ ಒಟ್ಟಿಗೆ ಬೇಕಿತ್ತು. ನನ್ನ ಹಾಗೆ ಕೂತಲ್ಲಿ ಕೂರಲಾರದವಳು. ಅಂಥವಳು ಬೇಕೆಂದೇ ಹೋಗಿ ನಾಲ್ಕು ಗೋಡೆಯೊಳಗೆ ಕೂತಳು. ಕೊನೆಯ ಕಾಲದಲ್ಲಿ ಕೆಮ್ಮಿ ರಕ್ತ ಕಾರುತ್ತಿದ್ದಾಗ ಸ್ವರ್ಗ ಎನ್ನುವುದೇ ಇಲ್ಲವೇನೋ, ಎದುರಿಗೆ ಬರೀ ಕತ್ತಲೆಯ ಗೋಡೆಯೇನೋ ಎಂದು ಅನ್ನಿಸುತ್ತಿತ್ತಂತೆ. ನನಗೆ ಬೇಕಾಗಿದ್ದ ಬ್ರಹ್ಮಾಸ್ತ್ರ ಅದು. ನಿರ್ಮಲಾಳ ಮುಂದೆ ಎಸೆದು, ನಿನ್ನ ಸಂತಳಿಗೇ ನಂಬಿಕೆ ಇರಲಿಲ್ಲ ನೋಡು ಎನ್ನಬಹುದಿತ್ತು. ಎಸೆಯಲಿಲ್ಲ. ಆ ಪುಟ ಓದಿದ ದಿನ ಅವಳ ಮೇಲೆ ನನಗೆ ಮೊದಲ ಸಲ ಮರುಕ ಬಂತು, ಮರುಕ ಬಂದಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಸೆಪ್ಟೆಂಬರ್ ಅರ್ಧ ಕಳೆದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ನಿರ್ಮಲಾ ಕೊಡೆ ಮಡಚುತ್ತ ವರ್ಕ್‌ಶಾಪಿಗೆ ಬಂದಳು. ಗೋಡೆಗೆ ಒರಗಿಸಿದ್ದ ಸರಳುಗಳನ್ನೊಮ್ಮೆ ನೋಡಿದಳು. ಒಂದಕ್ಕೊಂದು ಅಂಟದೆ, ತಂದ ಹಾಗೇ ಇದ್ದವು.

"ಕರೆಂಟ್ ಇಲ್ವಾ ಅಣ್ಣ?" ಎಂದಳು. ಅವಳ ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

"ಈಗಷ್ಟೇ ಬಂತು."

"ರಾಡು ಒಣಗಿದ್ವಾ?"

ಒಳಗಿನಿಂದ ಮಂಜಣ್ಣ ಬಾಯಿ ಹಾಕಿದ. "ಒಣಗಿ ಹಪ್ಪಳ ಆಗಿದಾವೆ ತಾಯಿ. ಅವನಿಗೇನು ಹಿಡಿದಿದೆಯೋ ನೀನೇ ಕೇಳು."

ಅವಳು ಸ್ಟೂಲ್ ಎಳೆದುಕೊಂಡು ನನ್ನ ಎದುರಿಗೆ ಕೂತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಸುಲಭವಿತ್ತು. ಅವಳು ಕೊಡೆಯ ನೀರು ಕೊಡವುತ್ತ ಕೂತಿದ್ದನ್ನು ನೋಡಲಾಗದೆ ನಾನೇ ಶುರು ಮಾಡಿದೆ. ಕೊನೆಯದಾಗಿ ಉಳಿಸಿಕೊಂಡಿದ್ದ ಮಾತನ್ನು ಆಡಿಯೇಬಿಟ್ಟೆ.

"ಅವಳ ಅಪ್ಪನ ಕಥೆ ಓದಿದ್ದೀಯಲ್ಲ? ಇವಳು ಒಳಗೆ ಹೋದ ಮೇಲೆ ಆ ಮನುಷ್ಯನಿಗೆ ತಲೆ ಕೆಟ್ಟು ಹುಚ್ಚಾಸ್ಪತ್ರೆಗೆ ಹಾಕಿದ್ರು. ವರ್ಷಗಟ್ಲೆ. ಇವಳು ಹೋಗಿ ಒಂದು ಲೋಟ ನೀರು ಕೊಟ್ಳಾ? ನಾಳೆ ನಮ್ಮಪ್ಪನಿಗೆ ಹಂಗಾದ್ರೆ ನೀನೇನ್ ಮಾಡ್ತೀಯ? ಒಳಗೆ ಕೂತ್ಕೊಂಡು ಕಂಬಿ ಎಣಿಸ್ತೀಯಾ?"

ಮಂಜಣ್ಣ ಒಳಗೆ ಗ್ರೈಂಡರ್ ನಿಲ್ಲಿಸಿದ. ನಿರ್ಮಲಾಳ ಕಣ್ಣು ತುಂಬಿತು. ಕೊಡೆಯ ತುದಿಯಿಂದ ನೆಲದ ನೀರನ್ನು ಅತ್ತ ಇತ್ತ ಎಳೆದಳು.

"ಗೊತ್ತಿಲ್ಲ ಅಣ್ಣ" ಎಂದಳು. "ಆ ಭಾಗ ಬಂದಾಗೆಲ್ಲ ನಾನೂ ಪುಸ್ತಕ ಮುಚ್ಚಿಡ್ತೀನಿ. ಅವಳಿಗೂ ಗೊತ್ತಿರ್ಲಿಲ್ಲ ಅನ್ಸುತ್ತೆ. ಒಳಗೆ ಕೂತು ಅತ್ಲು ಅಷ್ಟೇ. ನಾನೂ ಅಳ್ತೀನಿ. ಸುಳ್ಳು ಹೇಳಲ್ಲ ನಾನು. ಆದ್ರೂ ಹೋಗ್ಬೇಕು ಅನ್ಸುತ್ತೆ. ಎಷ್ಟು ವರ್ಷದಿಂದ ಅನ್ಸುತ್ತೆ ಗೊತ್ತಾ? ನೀನು ಬೈಕ್ ಓಡಿಸ್ತಾ ಹಾಡು ಹೇಳ್ಕೊಳ್ತೀಯಲ್ಲ, ಆವಾಗ ಹಿಂದೆ ಕೂತ್ಕೊಂಡು ನಾನು ಅದನ್ನೇ ಯೋಚನೆ ಮಾಡ್ತಿದ್ದೆ."

ನಾನು ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟೆ.

"ನೀನು ಮಾಡ್ದೆ ಹೋದ್ರೆ ಮದರ್ ಬೇರೆಯವರ ಹತ್ರ ಮಾಡಿಸ್ತಾರೆ. ಈ ವರ್ಷ ಅಲ್ದಿದ್ರೆ ಮುಂದಿನ ವರ್ಷ ನಾನು ಹೋಗ್ತೀನಿ. ಯಾರೋ ಮಾಡಿದ ಕಂಬಿ ಹಿಡ್ಕೊಂಡು ನಾನು ಅಮ್ಮನ ಹತ್ರ ಮಾತಾಡ್ಬೇಕಾ ಅಣ್ಣ? ನೀನೇ ಮಾಡು."

ಅವಳು ಕೊಡೆ ಬಿಚ್ಚಿಕೊಂಡು ಕ್ಲಿನಿಕ್ಕಿನ ಕಡೆ ನಡೆದಳು. ಮಂಜಣ್ಣ ಹೊರಗೆ ಬಂದು ನನ್ನ ಪಕ್ಕ ನಿಂತ. ನನ್ನ ತಂಗಿ ಆ ಮಠಕ್ಕೇ ಸೇರುವವಳು ಎಂದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. "ಮೊದ್ಲೇ ಬಾಯಿ ಬಿಡಬಾರದಿತ್ತೇನೋ ಮಾರಾಯ? ನಾನೇ ಇನ್ನೆರಡು ತಿಂಗಳು ಎಳೀತಿದ್ದೆ" ಎಂದ. ಆಮೇಲೆ ಅವನೇ, "ಮಾಡಿಬಿಡು. ಆ ಹುಡುಗಿ ಕೇಳಿದ ಮೇಲೆ ಇನ್ನೇನು" ಎಂದು ಒಳಗೆ ಹೋದ.

ಗ್ರಿಲ್ ಮಾಡುವುದರಲ್ಲಿ ಮುಖ್ಯವಾದದ್ದು ಸಂದು. ಸರಳಿಗೂ ಸರಳಿಗೂ ನಡುವೆ ಎಷ್ಟು ಜಾಗ ಬಿಡಬೇಕು ಎನ್ನುವುದನ್ನು ನಿರ್ಧರಿಸುವುದು ಮನೆಯವರ ಭಯ. ಕಳ್ಳ ನುಗ್ಗಬಾರದು ಎನ್ನುವವರಿಗೆ ಒಂದು ಅಳತೆ, ಮಗುವಿನ ತಲೆ ಸಿಕ್ಕಬಾರದು ಎನ್ನುವವರಿಗೆ ಇನ್ನೊಂದು. ಒಂದೇ ಸಮ ಬರಲಿ ಎಂದು ಆ ಅಳತೆಯ ಒಂದು ಪಟ್ಟಿ ತುಂಡನ್ನು ಕತ್ತರಿಸಿಕೊಂಡು, ಸರಳುಗಳ ನಡುವೆ ಇಟ್ಟು ಇಟ್ಟು ಬೆಸೆಯುತ್ತ ಹೋಗುತ್ತೇವೆ. ಮದರ್ ಹೇಳಿದ್ದು ಹಳೆಯ ಜಾಲರಿಯ ಹಾಗೆ, ಎರಡು ಬೆರಳು ಹೋಗುವಷ್ಟು. ನಾನು ಮರುದಿನ ಬೆಳಿಗ್ಗೆ ಮನೆಯಿಂದ ಹೊರಡುವಾಗ ಕನ್ನಡಿಯ ಪಕ್ಕದ ಮೊಳೆಗೆ ನೇತು ಹಾಕಿದ್ದ ಅಮ್ಮನ ಹಸಿರು ಗಾಜಿನ ಬಳೆಯೊಂದನ್ನು ಜೇಬಿಗೆ ಹಾಕಿಕೊಂಡೆ. ಅಮ್ಮನಿಗೆ ಯಾವ ಬಳೆ ತಂದರೂ ಅದೇ ಅಳತೆ, ಎರಡು ಆರು. ಬಳೆಯನ್ನು ಕಬ್ಬಿಣದ ಪಟ್ಟಿಯ ಮೇಲೆ ಇಟ್ಟು ಗುರುತು ಹಾಕಿ, ಕೂದಲೆಳೆಯಷ್ಟು ಜಾಸ್ತಿ ಬಿಟ್ಟು ತುಂಡು ಕತ್ತರಿಸಿದೆ. ಕೈ ಹೋಗಬೇಕು, ಬಳೆ ತೊಟ್ಟ ಹಾಗೇ ಹೋಗಬೇಕು. ಗಂಡ ಇರುವ ಹೆಂಗಸು ಮಗಳನ್ನು ಮುಟ್ಟಲು ಬಳೆ ತೆಗೆಯುವ ಹಾಗಾಗಬಾರದು. ಸರಳು, ಮಷೀನು ಎಲ್ಲವನ್ನೂ ಮಠದ ಹಿತ್ತಿಲಿಗೆ ಸಾಗಿಸಿ, ಆ ತುಂಡು ಇಟ್ಟುಕೊಂಡು ಎಲ್ಲ ಸರಳನ್ನೂ ಬೆಸೆದೆ. ಮಳೆಗಾಲ ಪೂರ್ತಿ ಆಗದ ಕೆಲಸ ಎರಡು ದಿನದಲ್ಲಿ ಆ ಕೋಣೆಯಲ್ಲಿ ಎದ್ದು ನಿಂತಿತು. ರೆಡ್ ಆಕ್ಸೈಡ್ ಬಳಿದೆ, ಅದರ ಮೇಲೆ ಎರಡು ಕೋಟು ಕಂದು ಬಣ್ಣ ಹೊಡೆದೆ.

ಮದರ್ ನೋಡಲು ಬಂದರು. ತಮ್ಮ ಕೈಯನ್ನು ಒಂದು ಸಂದಿನಲ್ಲಿ ತೂರಿಸಿ, ಮೊಣಕೈವರೆಗೆ ಹೋಗಿದ್ದನ್ನು ನೋಡಿ, ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ಸ್ವಲ್ಪ ಅಗಲ ಆಯ್ತಲ್ಲ ಅಂತೋಣಿ?"

"ಸರಳು ಸಾಲ್ಲಿಲ್ಲ ಮದರ್."

ಅವರು ಹಿತ್ತಿಲಲ್ಲಿ ಉಳಿದು ಬಿದ್ದಿದ್ದ ಸರಳುಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹಬ್ಬಕ್ಕೆ ನಮ್ಮ ಸಿಸ್ಟರುಗಳು ಇನ್ನೊಂದು ಕೋಟು ಬಣ್ಣ ಹೊಡೀತಾರಂತೆ. ಡಬ್ಬಿ ಇಲ್ಲೇ ಬಿಟ್ಟು ಹೋಗು" ಎಂದರು.

ಅಕ್ಟೋಬರ್ ಒಂದರ ಬೆಳಿಗ್ಗೆ ಭದ್ರಾವತಿಯ ಚರ್ಚಿನಲ್ಲಿ ಪೂಜೆ ಮುಗಿಸಿ, ನಾಲ್ಕು ಜನಕ್ಕೂ ಕೊಟ್ಟ ಗುಲಾಬಿ ಹಿಡಿದುಕೊಂಡು ಆಟೋ ಮಾಡಿಕೊಂಡು ಹೋದೆವು. ಲಕ್ಷ್ಮಕ್ಕ ಒಂದು ಡಬ್ಬಿ ತುಂಬ ಕಜ್ಜಾಯ ಕಟ್ಟಿಕೊಟ್ಟಿದ್ದರು. ಮಠದ ಬಾಗಿಲಿನ ಹತ್ತಿರ ನಿರ್ಮಲಾ ಅಪ್ಪನ ಮುಂದೆ ಮೊಣಕಾಲೂರಿದಳು. ಅಪ್ಪ ತಮ್ಮ ದಪ್ಪ ಹೆಬ್ಬೆರಳಿನಿಂದ ಅವಳ ಹಣೆಯ ಮೇಲೆ ಶಿಲುಬೆ ಎಳೆದು, ಕಿವಿ ಕೇಳದವರು ಮಾತಾಡುವ ಹಾಗೆ ಬಹಳ ಗಟ್ಟಿಯಾಗಿ, "ಹೊಟ್ಟೆ ತುಂಬ ತಿನ್ನು" ಎಂದರು. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನನ್ನ ಹತ್ತಿರ ಬಂದಾಗ ಅವಳಿಗೆ ಹೇಳಬೇಕೆಂದು ಏನೇನೋ ಇಟ್ಟುಕೊಂಡಿದ್ದೆ. ಬೈಕಿನ ಹಿಂದಿನ ಸೀಟು ಖಾಲಿ ಇರುತ್ತದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಾಗಿಲು ತೆರೆಯಿತು, ಅವಳು ಹೋದಳು, ಬಾಗಿಲು ಮುಚ್ಚಿತು. ಅಮ್ಮ ಆಟೋದಲ್ಲಿ ಕೂತ ಮೇಲೆ ಅತ್ತಳು. ಮನೆ ಮುಟ್ಟುವವರೆಗೂ ಅತ್ತಳು.

ನವೆಂಬರಿನ ಮೊದಲ ಭಾನುವಾರ ನೋಡಲು ಬಿಟ್ಟರು. ಅಮ್ಮ ಹೊಸ ಹಸಿರು ಬಳೆ ತೊಟ್ಟುಕೊಂಡಿದ್ದಳು. ಬೂದು ಬಣ್ಣದ ಸಾದಾ ಉಡುಪಿನಲ್ಲಿ ನಿರ್ಮಲಾ ಆಚೆ ಬಂದು ನಿಂತಳು. ಸ್ವಲ್ಪ ಇಳಿದಿದ್ದಳು, ನಗು ಮಾತ್ರ ಅದೇ. ಅಮ್ಮ ಯಾರನ್ನೂ ಕೇಳದೆ ಕೈಯನ್ನು ಕಂಬಿಯೊಳಗೆ ತೂರಿಸಿದಳು. ಅಂಗೈ ಹೋಯಿತು. ಟಣ್ ಎಂದು ಬಳೆ ಕಂಬಿಗೆ ತಾಗಿ ನಿಂತಿತು. ಅಮ್ಮ ಕೈ ತಿರುಗಿಸಿದಳು, ಓರೆ ಮಾಡಿದಳು. ಟಣ್ ಟಣ್ ಎಂದಿತೇ ಹೊರತು ಮುಂದೆ ಹೋಗಲಿಲ್ಲ. ನನಗೆ ಆಗ ಹೊಳೆಯಿತು. ಬರೀ ಕಬ್ಬಿಣಕ್ಕೆ ಅಳತೆ ಇಟ್ಟಿದ್ದೆ. ಮೇಲೆ ಹತ್ತಿದ ರೆಡ್ ಆಕ್ಸೈಡು, ನನ್ನ ಎರಡು ಕೋಟು, ಸಿಸ್ಟರುಗಳ ಮತ್ತೊಂದು ಕೋಟು ಲೆಕ್ಕಕ್ಕೇ ಬಂದಿರಲಿಲ್ಲ. ಬಿಟ್ಟಿದ್ದ ಕೂದಲೆಳೆಯನ್ನು ಬಣ್ಣ ತಿಂದುಹಾಕಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವನೂ ಮಾಡದ ತಪ್ಪು.

ನಿರ್ಮಲಾ ಬಗ್ಗಿದಳು. ಹಣೆ ತಂದು ಅಮ್ಮನ ಬೆರಳಿಗೆ ಮುಟ್ಟಿಸಿದಳು. ಅಮ್ಮ ಹೆಬ್ಬೆರಳಿನಿಂದ ಶಿಲುಬೆ ಎಳೆದಳು, ಕೆನ್ನೆ ಸವರಿದಳು. ಸವರಿದಷ್ಟು ಹೊತ್ತೂ ಬಳೆ ಕಂಬಿಗೆ ತಾಗಿ ಸದ್ದು ಮಾಡುತ್ತಲೇ ಇತ್ತು. ನನಗೆ ಆ ಸದ್ದು ಕೇಳಲಾಗಲಿಲ್ಲ.

"ಬಣ್ಣದ ದಪ್ಪ ಮರೆತುಬಿಟ್ಟೆ ಕಣೇ. ನಾಳೇನೇ ಗ್ರೈಂಡರ್ ತಂದು ತೀಡಿಬಿಡ್ತೀನಿ. ಕೈ ಪೂರ್ತಿ ಹೋಗುತ್ತೆ" ಎಂದೆ.

"ಬೇಡ ಅಣ್ಣ."

"ಯಾಕೆ?"

ಅವಳು ಹಿಂದೆ ಒಮ್ಮೆ ನೋಡಿ ದನಿ ಇಳಿಸಿದಳು. "ಪ್ರಾರ್ಥನೆಗೆ ಕೂತ್ರೆ ನನ್ನ ಹಿಂದೆ ಒಬ್ರು ಅಜ್ಜಿ ಸಿಸ್ಟರ್ ಇರ್ತಾರೆ. ಹಲ್ಲುಸೆಟ್ಟು ಕಟಕಟ ಅನ್ನಿಸ್ತಾನೇ ಇರ್ತಾರೆ. ಮೊದಲ ವಾರ ನಂಗೆ ಎದ್ದು ಓಡಿಹೋಗೋಣ ಅನ್ನಿಸ್ಬಿಟ್ಟಿತ್ತು. ನಿಜವಾಗ್ಲೂ ಅಣ್ಣ, ಗೇಟ್ ತನಕ ಹೋಗಿದ್ದೆ. ಅದನ್ನ ಸಂಗೀತ ಅಂದ್ಕೊಳ್ಳೋಕೆ ನಾನೇನು ಗುಲಾಬಿಯಮ್ಮ ಅಲ್ಲ. ಇನ್ಮೇಲೆ ಅದು ಕೇಳಿದಾಗ ಅಮ್ಮನ ಬಳೆ ಅಂದ್ಕೊಳ್ತೀನಿ. ಈ ಸದ್ದು ತೆಗೀಬೇಡ."

ವಾಪಸ್ಸು ಬರುವಾಗ ಅಪ್ಪ, "ಏನಂದ್ಲು? ನಂಗೆ ಕೇಳಿಸ್ಲಿಲ್ಲ" ಎಂದರು. ಅಮ್ಮ ಅವರ ಕಿವಿಯ ಹತ್ತಿರ ಕೈ ಎತ್ತಿ ಬಳೆ ಅಲ್ಲಾಡಿಸಿ ತೋರಿಸಿದಳು.

ಇದೆಲ್ಲ ಆಗಿ ಕೆಲವು ವರ್ಷ ಆಯಿತು. ಗುಲಾಬಿಯಮ್ಮನ ಜೊತೆ ನನ್ನ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಪಟದ ಮುಂದೆ ಹೋಗುವಾಗ ಈಗಲೂ ಒಮ್ಮೊಮ್ಮೆ ಗದರಿಸುತ್ತೇನೆ. ಅಪ್ಪನಿಗೆ ಜ್ವರ ಬಂದು ಮಲಗಿದ ದಿನಗಳಲ್ಲಂತೂ ಬಾಯಿಗೆ ಬಂದ ಹಾಗೆ ಬೈದಿದ್ದೇನೆ. ಅವಳೂ ಬಿಡುವವಳಲ್ಲ, ಅದೇ ಮುಖ ಇಟ್ಟುಕೊಂಡು ನೋಡುತ್ತಾಳೆ.

ಹೋದ ವಾರ ಒಂದೊಂದೇ ಸರಳು ಉಜ್ಜಿ, ರೆಡ್ ಆಕ್ಸೈಡ್ ಬಳಿಯುತ್ತ ನಡುವಿಗೆ ಬಂದೆ. ಮದರ್ ಹೇಳಿದ್ದ ಎದ್ದ ಬಣ್ಣ ಅಲ್ಲಿತ್ತು. ಅಕ್ಕಪಕ್ಕದ ಎರಡು ಸರಳುಗಳಲ್ಲಿ, ಕೂತವರ ಎದೆಯ ಎತ್ತರಕ್ಕೆ, ಬಳೆ ತಾಗಿ ತಾಗಿ ಎಲ್ಲ ಕೋಟೂ ಸವೆದು ಬರೀ ಕಬ್ಬಿಣ ಹೊಳೆಯುತ್ತಿತ್ತು. ಬ್ರಷ್ಷಿನ ಬಣ್ಣವನ್ನು ಡಬ್ಬಿಯ ಅಂಚಿಗೆ ಒರೆಸಿದೆ. ಆಮೇಲೆ ಆ ಜಾಗ ಬಿಟ್ಟು ಪಕ್ಕದ ಸರಳಿಗೆ ಹೋದೆ.

"ಅದಕ್ಕೆ ಹೊಡೀಲಿಲ್ಲ?" ಎಂದರು ಮದರ್.

"ಅಲ್ಲಿ ಬಣ್ಣ ನಿಲ್ಲಲ್ಲ ಮದರ್."

"ಹಂಗೇ ಬಿಟ್ರೆ ತುಕ್ಕು ಹಿಡಿಯುತ್ತಲ್ಲೋ?"

"ಹಿಡಿಯುತ್ತೆ. ಭಾನುವಾರ ಅಮ್ಮ ಬರ್ತಾಳಲ್ಲ, ಉಜ್ಜಿ ಹೋಗುತ್ತೆ" ಎಂದೆ.